ಹಳೇ ಮಹೀಂದ್ರ ಪಿಕಪ್ಪಿಗೆ ಡಿಐ ಎಂಜಿನ್: ಚಿಕ್ಕಮಗಳೂರು ಕಡೆ ಈ ಕೆಲಸ ಎಷ್ಟು ಚೆನ್ನಾಗಿ ಆಗುತ್ತೆ?

ಪ್ಯೂಜೊ ಎಂಜಿನ್ನಿನ ಹಳೇ ಮಹೀಂದ್ರ ಪಿಕಪ್ ಹೊಗೆ ಕಾರತೊಡಗಿತು ಅಂದರೆ ಚಿಕ್ಕಮಗಳೂರಿನ ಗ್ಯಾರೇಜುಗಳಲ್ಲಿ ಸಿಗುವ ಮೊದಲ ಸಲಹೆ, "ಇನ್ನು ಬೋರ್ ಮಾಡಿಸ್ಬೇಡಿ ಸಾರ್, ಡಿಐ ಕೂರಿಸಿಬಿಡಿ." ಬೋರ್ ಅಂದರೆ ತೇದ ಸಿಲಿಂಡರನ್ನು ಕೊರೆದು ಹಳೇ ಎಂಜಿನ್ನನ್ನೇ ಕಟ್ಟಿಸುವುದು; ಡಿಐ ಅಂದರೆ ಡೈರೆಕ್ಟ್ ಇಂಜೆಕ್ಷನ್, ಡೀಸೆಲ್ಲನ್ನು ನೇರ ಸಿಲಿಂಡರಿಗೆ ಚಿಮ್ಮಿಸುವ ಎಂಜಿನ್. ಸಲಹೆ ಸರಿಯಾಗಿಯೇ ಇದೆ. ಮೂಡಿಗೆರೆ, ಆಲ್ದೂರು, ಬಾಳೆಹೊನ್ನೂರು ಕಡೆಯ ತೋಟಗಳಲ್ಲಿ ದುಡಿಯುವ ಗಾಡಿಗೆ ಇದಕ್ಕಿಂತ ಹೊಂದುವ ಎಂಜಿನ್ ಇನ್ನೊಂದಿಲ್ಲ. ಇಲ್ಲಿಯ ಮೇಸ್ತ್ರಿಗಳ ಕೈಗೆ ಆ ಎಂಜಿನ್ ಚೆನ್ನಾಗಿ ಪಳಗಿದೆ, ಬಿಚ್ಚಿ ಕಟ್ಟುವ ಕೆಲಸಕ್ಕೆ ಪೂರ್ತಿ ಅಂಕ ಕೊಡಬಹುದು. ಅಂಕ ಕಳೆಯಬೇಕಾದ ಜಾಗಗಳು ನಾಲ್ಕು. ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವಿನ ಅಲೈನ್‌ಮೆಂಟ್, ಗೇರ್ ಬಾಕ್ಸಿನಿಂದ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ, ರೇಡಿಯೇಟರ್, ಆಮೇಲೆ ಆರ್‌ಟಿಒ ಕಾಗದ. ಗಾಡಿ ಆರೇ ತಿಂಗಳಲ್ಲಿ ಮತ್ತೆ ಗ್ಯಾರೇಜಿಗೆ ಬಂದಿದೆ ಅಂದರೆ ಹೆಚ್ಚಿನ ಸಲ ಕಾರಣ ಮೊದಲ ಮೂರರಲ್ಲೇ ಇರುತ್ತೆ, ಎಂಜಿನ್ನಿನ ಒಳಗೆ ಅಲ್ಲ.

ಡಿಐ ಯಾಕೆ ಅನ್ನೋದಕ್ಕೆ ಲೆಕ್ಕ ಸರಳ. ಹಳೇ ಪ್ಯೂಜೊ ಎಕ್ಸ್‌ಡಿಪಿ 2112 ಸಿಸಿಯದು, 4500 ಆರ್‌ಪಿಎಂಗೆ 62 ಅಶ್ವಶಕ್ತಿ, ಟಾರ್ಕು 120 ಎನ್‌ಎಂ ಆಸುಪಾಸು. ಬೊಲೆರೊ ಡಿಐನಲ್ಲಿ ಬಂದ ಟರ್ಬೊ ಎಂಡಿಐ ಎಂಜಿನ್ 2523 ಸಿಸಿಯದು, 3200 ಆರ್‌ಪಿಎಂಗೆ 63 ಅಶ್ವಶಕ್ತಿ. ಕಾಗದದ ಮೇಲೆ ಒಂದೇ ಒಂದು ಅಶ್ವಶಕ್ತಿ ವ್ಯತ್ಯಾಸ, ಆದರೆ ಟಾರ್ಕು 180 ಎನ್‌ಎಂ, ಅದೂ 1500 ಆರ್‌ಪಿಎಂ ಹತ್ತಿರವೇ ಸಿಗುತ್ತೆ. 50 ಕೆಜಿಯ 20 ಮೂಟೆ ಕಾಫಿ ಚೆರಿ ಹೇರಿಕೊಂಡು ತೋಟದ ಕಚ್ಚಾ ಏರು ಹತ್ತುವಾಗ ಗಾಡಿಗೆ ಬೇಕಾದದ್ದು ಈ ಕೆಳಗಿನ ಎಳೆತ. ಎತ್ತರದ ವಿಷಯವೂ ಇದೆ. ಚಿಕ್ಕಮಗಳೂರು ಪೇಟೆಯೇ ಸಮುದ್ರಮಟ್ಟದಿಂದ 1000 ಮೀಟರ್ ಮೇಲಿದೆ, ಅಲ್ಲಿ ಗಾಳಿಯ ಸಾಂದ್ರತೆ ನೂರಕ್ಕೆ ಒಂಬತ್ತರಷ್ಟು ಕಮ್ಮಿ. ಮುಳ್ಳಯ್ಯನಗಿರಿಯ 1930 ಮೀಟರಿಗೆ ಹೋದರೆ ನೂರಕ್ಕೆ ಹದಿನೇಳು. ಟರ್ಬೊ ಇಲ್ಲದ ಎಂಜಿನ್ ಅಷ್ಟು ಶಕ್ತಿಯನ್ನು ಹಾಗೇ ಕಳೆದುಕೊಂಡು ಕಪ್ಪು ಹೊಗೆ ಬಿಡುತ್ತೆ, ಟರ್ಬೊ ಇದ್ದರೆ ಆ ನಷ್ಟ ಬಹುಪಾಲು ತುಂಬುತ್ತೆ. ಹಾಗಾಗಿ ಟರ್ಬೊ ಇಲ್ಲದ ಹಳೇ ಡಿಐ ಅಗ್ಗಕ್ಕೆ ಸಿಕ್ಕರೂ ಗಿರಿ ಕಡೆಯವರು ಟರ್ಬೊದ್ದನ್ನೇ ಹುಡುಕುವುದು ಒಳ್ಳೇದು. ಇನ್ನೊಂದು ಅನುಕೂಲವೂ ಉಂಟು. ಡಿಐಗೆ ಹೀಟರ್ ಪ್ಲಗ್ಗಿನ ರಗಳೆ ಇಲ್ಲ, ಬ್ಯಾಟರಿ ಗಟ್ಟಿಯಿದ್ದರೆ ಡಿಸೆಂಬರಿನ ಮುಂಜಾನೆ ಚಳಿಯಲ್ಲೂ ಒಂದೇ ಸೆಲ್ಫಿಗೆ ಎದ್ದು ನಿಲ್ಲುತ್ತೆ.

ಈ ಎಂಜಿನ್ನಿನ ಬೋರು 88.9 ಮಿ.ಮೀ., ಸ್ಟ್ರೋಕು 101.6 ಮಿ.ಮೀ. ಅಂದರೆ ಮೂರೂವರೆ ಇಂಚು ಮತ್ತು ನಾಲ್ಕು ಇಂಚು. ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ವಂಶದ್ದು. ಟ್ರ್ಯಾಕ್ಟರ್ ಕೆಲಸ ಬಲ್ಲ ಮೇಸ್ತ್ರಿ ಇರುವ ಊರಿನಲ್ಲೆಲ್ಲ ಇದಕ್ಕೆ ವೈದ್ಯ ಇದ್ದ ಹಾಗೆಯೇ. ಕಳಸದಲ್ಲಿ ಗಾಡಿ ನಿಂತರೂ ದಾರಿ ಕಾಣುತ್ತೆ.

ಗ್ಯಾರೇಜಿನವರು ಮುಂದಿಡುವ ಬೇರೆ ಆಯ್ಕೆಗಳ ಬಗ್ಗೆಯೂ ಹೇಳಬೇಕು. ಕ್ವಾಲಿಸ್ಸಿನ 2446 ಸಿಸಿ ಟೊಯೋಟ 2ಎಲ್ ಎಂಜಿನ್ ಓಡಿಸಲು ಬಹಳ ನಯ, ಸದ್ದು ಕಮ್ಮಿ. ಆದರೆ ಇದು ಟೈಮಿಂಗ್ ಬೆಲ್ಟಿನ ಎಂಜಿನ್, ಬೆಲ್ಟು ತುಂಡಾದರೆ ವಾಲ್ವು ಬಾಗುತ್ತೆ. ಒಂದು ಸಲ ಕುದಿದರೆ ಹೆಡ್ಡು ಬಿರುಕು ಬಿಡುವ ಸ್ವಭಾವವೂ ಇದೆ. ಜೊತೆಗೆ ಕ್ವಾಲಿಸ್ ಭಾರತದಲ್ಲಿ ಮಾರಾಟವಾದದ್ದು 2000ದಿಂದ 2005ರವರೆಗೆ ಮಾತ್ರ, ಹೀಗಾಗಿ ಈಗ ಸಿಗುವ ಎಂಜಿನ್ ಯಾವುದಾದರೂ ಚೆನ್ನಾಗಿ ತೇದಿರುತ್ತೆ. ಅದರದೇ ಗೇರ್ ಬಾಕ್ಸ್ ಸಮೇತ ಕೂರಿಸಿದರೆ ಗೇರ್ ಲಿವರಿನ ಜಾಗ ಬದಲಾಗಿ ಫ್ಲೋರು ಕೊಯ್ಯಬೇಕು. ಫೋರ್‌ವೀಲ್ ಗಾಡಿಯಾದರೆ ಟ್ರಾನ್ಸ್‌ಫರ್ ಕೇಸಿಗೆ, ಅಂದರೆ ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆಗೆ, ಜಾಗವೇ ಇರದು. ಪೇಟೆಯಲ್ಲಿ ಓಡಾಡುವ ಗಾಡಿಗೆ ಪರವಾಗಿಲ್ಲ, ತೋಟದ ಗಾಡಿಗೆ ಬೇಡ.

ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಚಿಮ್ಮಿಸುವ ಕಾಮನ್ ರೈಲ್ ಎಂಜಿನ್ ಕೂರಿಸುವುದಾದರೆ ಇಸಿಯು ಅನ್ನುವ ಆ ಕಂಪ್ಯೂಟರ್, ಪೂರ್ತಿ ವೈರಿಂಗ್ ಹಾರ್ನೆಸ್, ಆಕ್ಸಿಲರೇಟರ್ ಪೆಡಲ್, ಇಮೊಬಿಲೈಸರ್ ಇದ್ದರೆ ಅದರ ಕೀಲಿ ಸಮೇತ, ಎಲ್ಲವೂ ಒಂದೇ ಗಾಡಿಯಿಂದ ಬರಬೇಕು. ಒಂದು ತಪ್ಪಿದರೂ ಸ್ಟಾರ್ಟ್ ಆಗದು. ಆಗಸ್ಟ್ ತಿಂಗಳ ಮಳೆಯಲ್ಲಿ ಕನೆಕ್ಟರಿಗೆ ಹಸಿರು ಹಿಡಿದು ಕಾಡುದಾರಿಯಲ್ಲಿ ನಿಂತ ಗಾಡಿಗೆ ಸ್ಕ್ಯಾನರ್ ಹಿಡಿದುಕೊಂಡು ಬರುವವರು ಯಾರು? ಡೀಸೆಲ್ಲಿನಲ್ಲಿ ಒಂದಿಷ್ಟು ನೀರು ಸೇರಿದರೂ ಇಂಜೆಕ್ಟರಿಗೆ ಪೆಟ್ಟು. ಹಳೇ ಪಿಕಪ್ಪಿಗೆ ಇದನ್ನು ನಾವು ಶಿಫಾರಸು ಮಾಡುವುದಿಲ್ಲ.

ಇನ್ನು ಎಂಜಿನ್ ಕೊಳ್ಳುವ ಕೆಲಸ. ಗ್ಯಾರೇಜಿನವರು ಸಾಮಾನ್ಯವಾಗಿ ಬೆಂಗಳೂರಿನ ಗುಜರಿಯಿಂದ ತರಿಸುತ್ತಾರೆ. ಬರೀ ಎಂಜಿನ್ ತರಿಸಿದರೆ ಅಗ್ಗ ಅನಿಸುತ್ತೆ, ಆದರೆ ಅಲ್ಲಿಂದಲೇ ಖರ್ಚು ಶುರುವಾಗುವುದು. ಬೆಲ್ ಹೌಸಿಂಗ್ (ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವಿನ ಗಂಟೆಯಾಕಾರದ ಕವಚ), ಫ್ಲೈವೀಲ್, ಕ್ಲಚ್ ಸೆಟ್, ಸೆಲ್ಫ್, ವ್ಯಾಕ್ಯೂಮ್ ಪಂಪಿರುವ ಡೈನಮೋ, ಎಂಜಿನ್ ಕೂರುವ ಎರಡೂ ಬದಿಯ ಫೌಂಡೇಷನ್ ಬ್ರಾಕೆಟ್, ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ಇಳಿಯುವ ಪೈಪ್, ಏರ್ ಕ್ಲೀನರ್, ರೇಡಿಯೇಟರ್, ಫ್ಯಾನ್ ಮತ್ತು ಅದರ ಸುತ್ತಿನ ಕವಚವಾದ ಕೌಲ್, ಇಷ್ಟೂ ಒಂದೇ ಗಾಡಿಯದ್ದು ಬೇಕು ಅಂತ ಮೊದಲೇ ಹೇಳಿ. ಕಮಾಂಡರ್ ಡಿಐ, ಮಾರ್ಷಲ್ ಡಿಐನಂಥ ಜೀಪ್ ಚಾಸಿಸ್ಸಿನ ಗಾಡಿಗಳಿಗೆ ಈ ವಂಶದ ಎಂಜಿನ್ ಕಂಪನಿಯಿಂದಲೇ ಬಂದಿತ್ತು. ಆ ಬ್ರಾಕೆಟ್ ಸಿಕ್ಕಿದರೆ ವೆಲ್ಡಿಂಗ್ ಕೆಲಸ ಅರ್ಧಕ್ಕರ್ಧ ಇಳಿಯುತ್ತೆ.

ಎಂಜಿನ್ ಓಡುತ್ತಿರುವಾಗಲೇ ನೋಡಿ ತೆಗೆದುಕೊಳ್ಳಬೇಕು. ಆಯಿಲ್ ಹಾಕುವ ಮುಚ್ಚಳ ತೆಗೆದು ತೂತಿನ ಮೇಲೆ ಬೋರಲು ಇಡಿ. ಸ್ವಲ್ಪ ನಡುಗಿದರೆ ಸರಿ, ಎಗರಿ ಬಿದ್ದರೆ ಬ್ಯಾಕ್ ಕಂಪ್ರೆಷನ್ ಇದೆ, ಅಂದರೆ ಲೈನರ್, ರಿಂಗು ಮುಗಿದಿವೆ. ಕಂಪ್ರೆಷನ್ ಗೇಜ್ ಹಾಕಿದಾಗ ನಾಲ್ಕೂ ಸಿಲಿಂಡರಿನ ನಡುವೆ 3 ಬಾರ್ (ಒತ್ತಡದ ಅಳತೆ) ಮೀರಿದ ವ್ಯತ್ಯಾಸ ಕಂಡರೆ ಬಿಡಿ. ಆಮೇಲೆ ಎಂಜಿನ್ ಆಫ್ ಮಾಡಿ, ಕ್ರ್ಯಾಂಕ್ ಪುಲ್ಲಿಯನ್ನು ಸಣ್ಣ ಲಿವರಿನಿಂದ ಹಿಂದೆ ಮುಂದೆ ಮೀಟಿ ನೋಡಿ, ಕಣ್ಣಿಗೆ ಕಾಣುವಷ್ಟು ಆಟ ಇದ್ದರೆ ಥ್ರಸ್ಟ್ ವಾಷರ್ ಹೋಗಿದೆ. ಟರ್ಬೊ ಚಕ್ರವನ್ನು ಬೆರಳಲ್ಲಿ ಅಲುಗಿಸಿದಾಗ ಅಡ್ಡಡ್ಡ ಒಂಚೂರು ಆಟ ಇರಬಹುದು, ಆದರೆ ರೆಕ್ಕೆ ಹೌಸಿಂಗಿಗೆ ತಾಗಕೂಡದು. ಮುಚ್ಚಳದ ಒಳಗೆ ಹಾಲಿನ ಕೆನೆಯಂಥ ಪದರ ಕಂಡ ಕೂಡಲೇ ಹೆಡ್ ಗ್ಯಾಸ್ಕೆಟ್ ಅಂತ ತೀರ್ಮಾನ ಮಾಡಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಗಳಲ್ಲಿ ತೇವ ಸೇರಿ ಹೀಗಾಗುತ್ತೆ. ಗೇಜ್ ಕಡ್ಡಿಯಲ್ಲಿ ಬರುವ ಆಯಿಲ್ಲೂ ಬಿಳಿಚಿದ್ದರೆ ಅದು ನಿಜವಾದ ಕಾಯಿಲೆ.

ಕೆಲಸದ ಜೀವಾಳ ಬೆಲ್ ಹೌಸಿಂಗ್. ಪ್ಯೂಜೊ ಬ್ಲಾಕಿನ ಬೋಲ್ಟ್ ತೂತುಗಳು ಡಿಐ ಬ್ಲಾಕಿಗೆ ಕೂರುವುದಿಲ್ಲ. ದಾರಿ ಎರಡಿವೆ. ಡಿಐ ಜೊತೆ ಬಂದ ಗೇರ್ ಬಾಕ್ಸನ್ನೇ ಹಾಕಿಕೊಳ್ಳುವುದು, ಇಲ್ಲವೇ ಹಳೇ ಗೇರ್ ಬಾಕ್ಸಿಗೆ ಅಡಾಪ್ಟರ್ ಪ್ಲೇಟ್ ಮಾಡಿಸುವುದು. ಮೊದಲನೆಯದೇ ಉತ್ತಮ. ಎರಡನೆಯದಕ್ಕೆ ಹೋಗುವವರು ಲೇತ್‌ನವರ ಮುಂದೆ ಮೂರು ಅಳತೆ ಇಡಬೇಕು: ಇನ್‌ಪುಟ್ ಶಾಫ್ಟಿನ ಸ್ಪ್ಲೈನ್ (ಉದ್ದುದ್ದ ಹಲ್ಲು) ಎಣಿಕೆ ಮತ್ತು ವ್ಯಾಸ, ಶಾಫ್ಟಿನ ಮೂತಿ ಕೂರುವ ಪೈಲಟ್ ಬುಷ್ಷಿನ ಒಳವ್ಯಾಸ, ಪ್ಲೇಟಿನ ದಪ್ಪ ಸೇರಿದ ಮೇಲೆ ಆ ಮೂತಿ ಬುಷ್ಷಿನೊಳಗೆ ಎಷ್ಟು ಹೋಗುತ್ತೆ ಅನ್ನುವುದು. 12 ಮಿ.ಮೀ. ಪ್ಲೇಟ್ ಹಾಕಿದರೆ ಶಾಫ್ಟು ಅಷ್ಟೇ ಹಿಂದೆ ಸರಿಯುತ್ತೆ. ಮೂತಿ ಬುಷ್ಷಿನ ಅಂಚಿನಲ್ಲಷ್ಟೇ ನಿಂತರೆ ಕೆಲವೇ ತಿಂಗಳಲ್ಲಿ ಬುಷ್ ಅಂಡಾಕಾರ ಆಗಿ, ಕ್ಲಚ್ ಒತ್ತಿದಾಗ ಕಿರ್ರ್ ಅನ್ನುವ ಸದ್ದು ಶುರು.

ಇಷ್ಟಾದ ಮೇಲೆ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಅಳೆಯುವ ಡಯಲ್ ಗೇಜ್ ಇಡಲೇಬೇಕು. ಬಹಳ ಗ್ಯಾರೇಜುಗಳಲ್ಲಿ ತಪ್ಪಿಹೋಗುವ ಹೆಜ್ಜೆ ಇದು. ಬೆಲ್ ಹೌಸಿಂಗನ್ನು ಒಂದನ್ನೇ ಬ್ಲಾಕಿಗೆ ಬಿಗಿದು, ಗೇಜಿನ ಅಯಸ್ಕಾಂತದ ಕಾಲನ್ನು ಫ್ಲೈವೀಲಿಗೆ ಅಂಟಿಸಿ, ಅದರ ಮೊನೆಯನ್ನು ಹೌಸಿಂಗಿನ ನಡುವಿನ ತೂತಿನ ಒಳಗೋಡೆಗೆ ತಾಗಿಸಿ, ಕ್ರ್ಯಾಂಕನ್ನು ಕೈಯಲ್ಲಿ ಒಂದು ಪೂರ್ತಿ ಸುತ್ತು ತಿರುಗಿಸಬೇಕು. ಮುಳ್ಳಿನ ಒಟ್ಟು ಓಡಾಟ 0.2 ಮಿ.ಮೀ. ಒಳಗಿರಬೇಕು. ಮೀರಿದರೆ ಹೌಸಿಂಗನ್ನು ಸರಿಜಾಗದಲ್ಲಿ ಹಿಡಿಯುವ ಡವೆಲ್ ಪಿನ್ನಿನ ಜಾಗ ಸರಿಪಡಿಸಬೇಕು, ಬೋಲ್ಟ್ ಬಿಗಿದು ಎಳೆದು ಕೂರಿಸಬಾರದು. ಗೇರ್ ಬಾಕ್ಸು ಕೊನೆಯ 10 ಮಿ.ಮೀ. ಕೈಯಲ್ಲಿ ತಳ್ಳಿದಾಗ ಜಾರಿಕೊಂಡು ಹೋಗಿ ಕೂರಬೇಕು. ಅಲ್ಲಿ ನಿಂತಿತು ಅಂತ ಬೋಲ್ಟ್ ಹಾಕಿ ಸೆಳೆದರೆ ಕ್ಲಚ್ ಪ್ಲೇಟಿನ ಹಬ್ ಬಾಗುತ್ತೆ, ಆಮೇಲೆ ಎಷ್ಟು ಅಡ್ಜಸ್ಟ್ ಮಾಡಿದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ. ಓಡುವಾಗ ಗೇರು ತಾನಾಗಿ ಕಳಚಿಕೊಳ್ಳುವುದು, ಇನ್‌ಪುಟ್ ಬೇರಿಂಗಿನ ಗೊರಗೊರ, ಹೊರಡುವಾಗ ಗಾಡಿ ಗಡಗಡ ಅಲುಗುವುದು, ಈ ಮೂರಕ್ಕೂ ಬೇರು ಹೆಚ್ಚಾಗಿ ಇಲ್ಲೇ. ಡಯಲ್ ಗೇಜ್ ಇಲ್ಲದ ಗ್ಯಾರೇಜಿಗೆ ಅಡಾಪ್ಟರ್ ಕೆಲಸ ಕೊಡಬೇಡಿ ಅಂತ ನೇರವಾಗಿಯೇ ಹೇಳುತ್ತೇವೆ.

ಫೌಂಡೇಷನ್ ಬ್ರಾಕೆಟ್ ಹೊಸದಾಗಿ ಮಾಡುವುದಾದರೆ 6 ಮಿ.ಮೀ. ಪ್ಲೇಟಿಗಿಂತ ತೆಳು ಬೇಡ. ಡಿಐ ನಿಧಾನ ಓಟದಲ್ಲಿ ಜೋರಾಗಿ ನಡುಗುವ ಎಂಜಿನ್, ತೆಳು ಬ್ರಾಕೆಟ್ಟು ವೆಲ್ಡಿನ ಪಕ್ಕದಲ್ಲೇ ಸೀಳುತ್ತೆ. ಚಾಸಿಸ್ಸಿಗೆ ವೆಲ್ಡ್ ಮಾಡುವುದಕ್ಕಿಂತ 8.8 ಅಥವಾ 10.9 ದರ್ಜೆಯ ಬೋಲ್ಟು ಹಾಕಿ ಬಿಗಿಯುವುದು ಮೇಲು. ವೆಲ್ಡ್ ಮಾಡಲೇಬೇಕಾದರೆ ಚಾಸಿಸ್ಸಿನ ಮೇಲಿನ, ಕೆಳಗಿನ ಅಂಚಿಗೆ ಅಡ್ಡಲಾಗಿ ಗೆರೆ ಎಳೆಯಬಾರದು. ಲೋಡಿನ ಬಾಗು ಪೂರ್ತಿ ಬೀಳುವುದು ಆ ಅಂಚುಗಳ ಮೇಲೆ, ಬಿರುಕು ಶುರುವಾಗುವುದೂ ಅಲ್ಲಿಂದಲೇ. ವೆಲ್ಡಿಂಗಿಗೆ ಮೊದಲು ಬ್ಯಾಟರಿ ಮತ್ತು ಡೈನಮೋ ವೈರು ಕಳಚಿ. ಫೌಂಡೇಷನ್ ರಬ್ಬರ್ ಮಾತ್ರ ಹೊಸದೇ ಇರಲಿ.

ಎಂಜಿನ್ ಕೂತ ಮೇಲೆ ಹಿಂಬದಿ 3ರಿಂದ 4 ಡಿಗ್ರಿ ಇಳಿಜಾರು ಇರಬೇಕು. ಹಿಂದಿನ ಆಕ್ಸಲ್ ಹೌಸಿಂಗಿನ ಪಿನಿಯನ್ ಮೂತಿಯ ಕೋನ ಅದಕ್ಕೆ ಸಮಾನಾಂತರ, ವ್ಯತ್ಯಾಸ 1 ಡಿಗ್ರಿಯೊಳಗೆ. ಕೋನ ಅಳೆಯುವ ಸಣ್ಣ ಮಾಪಕ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತೆ, ಬಳಸುವವರು ಕಮ್ಮಿ. 40-50 ಕಿ.ಮೀ. ವೇಗದಲ್ಲಿ ಸೀಟಿನ ಕೆಳಗೆ ಗುಂಯ್ ಅನ್ನುವ ನಡುಕ ಬಂದರೆ ಶಾಫ್ಟಿನ ಕೀಲಾದ ಕ್ರಾಸ್ ಬದಲಿಸಿ ದುಡ್ಡು ಕಳೆಯುವ ಮೊದಲು ಈ ಕೋನ ನೋಡಿ. ಪ್ರೊಪೆಲ್ಲರ್ ಶಾಫ್ಟಿನ ಉದ್ದವನ್ನು ಗಾಡಿ ಚಕ್ರದ ಮೇಲೆ ನಿಂತಿರುವಾಗಲೇ ಅಳೆಯಬೇಕು, ಜಾಕಿ ಮೇಲಲ್ಲ. ಶಾಫ್ಟು ಹಿಂದೆ ಮುಂದೆ ಜಾರುವ ಸ್ಲಿಪ್ ಜಾಯಿಂಟ್ ಪೂರ್ತಿ ಒಳಗೆ ಹೋದ ಸ್ಥಿತಿಯಿಂದ 25 ಮಿ.ಮೀ. ಹೊರಗಿರಲಿ. ಜಾಗ ಬಿಡದಿದ್ದರೆ ಲೋಡು ತುಂಬಿ ಗುಂಡಿಗೆ ಇಳಿದಾಗ ಶಾಫ್ಟು ಗೇರ್ ಬಾಕ್ಸಿನ ಬೆನ್ನಿಗೆ ಗುದ್ದುತ್ತೆ. ಕತ್ತರಿಸಿ ಬೆಸೆದ ಶಾಫ್ಟನ್ನು ಬ್ಯಾಲೆನ್ಸ್ ಮಾಡಿಸದೆ ಹಾಕಬೇಡಿ.

ಆಕ್ಸಲ್ ಹೌಸಿಂಗಿನ ಗೇರು ಜೋಡಿಯಾದ ಕ್ರೌನ್ ಪಿನಿಯನ್ ಬಗ್ಗೆ ಕೇಳುವವರೇ ಇಲ್ಲ, ಆದರೆ ಕೆಲಸ ಮುಗಿದ ಮೇಲೆ "ಗಾಡಿ ಓಡೋದೇ ಇಲ್ಲ" ಅನ್ನುವ ದೂರು ಬರುವುದು ಇದರಿಂದಲೇ. ಪ್ಯೂಜೊ 4500ರವರೆಗೆ ಸುತ್ತುತ್ತಿತ್ತು, ಡಿಐ 3200ಕ್ಕೆ ಮುಗಿಯುತ್ತೆ. 6.00-16 ಟಯರು ಒಂದು ಸುತ್ತಿಗೆ ಸುಮಾರು 2.2 ಮೀಟರ್ ಉರುಳುತ್ತೆ ಅಂತಿಟ್ಟುಕೊಂಡರೆ, ಹೌಸಿಂಗಿನಲ್ಲಿ 43 ಹಲ್ಲಿಗೆ 8ರ, ಅಂದರೆ 5.38ರ ಕ್ರೌನ್ ಇದ್ದಾಗ ನೇರ ಟಾಪ್ ಗೇರಿನಲ್ಲಿ 3200 ಆರ್‌ಪಿಎಂಗೆ ಸಿಗುವ ವೇಗ ಗಂಟೆಗೆ 78 ಕಿ.ಮೀ. ಮಾತ್ರ. 39 ಹಲ್ಲಿಗೆ 8ರ 4.88 ಕ್ರೌನ್ ಹಾಕಿದರೆ 86. ತೋಟದೊಳಗೇ ದುಡಿಯುವ ಗಾಡಿಗೆ 5.38 ಇರಲಿ, ಬದಲಿಸಬೇಡಿ. ವಾರಕ್ಕೆರಡು ಸಲ ಹಾಸನಕ್ಕೋ ಮಂಗಳೂರಿಗೋ ಲೋಡು ಹೋಗುತ್ತೆ ಅನ್ನುವವರಿಗೆ 4.88, ಜೊತೆಗೆ ಐದು ಗೇರಿನ ಬಾಕ್ಸ್ ಸರಿ. ಫೋರ್‌ವೀಲ್ ಗಾಡಿಯಲ್ಲಿ ಮುಂದಿನ ಹೌಸಿಂಗಿಗೂ ಅದೇ ಅನುಪಾತ ಹಾಕಲೇಬೇಕು, ಇಲ್ಲದಿದ್ದರೆ ಫೋರ್‌ವೀಲ್ ಹಾಕಿದ ಕೂಡಲೇ ಟ್ರಾನ್ಸ್‌ಫರ್ ಕೇಸ್ ಬಿಗಿದುಕೊಂಡು ಒಡೆಯುತ್ತೆ.

ರೇಡಿಯೇಟರಿಗೆ ಬರೋಣ. ಹಳೇ ರೇಡಿಯೇಟರನ್ನೇ ತೊಳೆದು ಹಾಕಿಕೊಡುವುದು ಇಲ್ಲಿ ರೂಢಿ. ಪೇಟೆಯೊಳಗೆ ಟೆಂಪರೇಚರ್ ಮುಳ್ಳು ಏರುವುದಿಲ್ಲ, ಗ್ರಾಹಕರಿಗೆ ಗೊತ್ತೂ ಆಗುವುದಿಲ್ಲ. ಚಾರ್ಮಾಡಿಯನ್ನು ಲೋಡಿನಲ್ಲಿ ಸೆಕೆಂಡ್ ಗೇರಿನಲ್ಲಿ ಹತ್ತುವಾಗ ಮುಂದಿನಿಂದ ನುಗ್ಗುವ ಗಾಳಿ ಏನೂ ಇರುವುದಿಲ್ಲ, ತಂಪು ಮಾಡುವ ಹೊಣೆಯೆಲ್ಲ ಫ್ಯಾನಿನದು. ಕೌಲ್ ಇಲ್ಲದ ಫ್ಯಾನು ತನ್ನ ಸುತ್ತಲಿನ ಬಿಸಿಗಾಳಿಯನ್ನೇ ಮತ್ತೆ ಮತ್ತೆ ಕಲಕುತ್ತೆ. ಡಿಐದೇ ರೇಡಿಯೇಟರ್, ಅದರದೇ ಕೌಲ್, ಫ್ಯಾನಿನ ಎಲೆ ಅರ್ಧ ಕೌಲ್ ಒಳಗೆ ಅರ್ಧ ಹೊರಗೆ, ಎಲೆಗೂ ರೇಡಿಯೇಟರಿಗೂ 20ರಿಂದ 25 ಮಿ.ಮೀ. ಸಂದು. ಥರ್ಮೋಸ್ಟಾಟ್ ಕಿತ್ತು ಎಸೆಯುವ ಅಭ್ಯಾಸಕ್ಕೆ ಒಪ್ಪಲೇಬೇಡಿ. ಅದು ಇಲ್ಲದಿದ್ದರೆ ಮಲೆನಾಡಿನ ಚಳಿಯಲ್ಲಿ ಎಂಜಿನ್ ಬಿಸಿಯೇ ಏರದೆ, ಪೂರ್ತಿ ಉರಿಯದ ಡೀಸೆಲ್ ಲೈನರಿನ ಆಯಿಲ್ ತೊಳೆದು ಹಾಕುತ್ತೆ, ಬೋರು ಬೇಗ ತೇಯುತ್ತೆ. ಬಾವಿ ನೀರು ಬೇಡ, ಕೂಲೆಂಟ್ ಹಾಕಿ. ಟೆಂಪರೇಚರ್ ಮತ್ತು ಆಯಿಲ್ ಪ್ರೆಶರಿಗೆ ವೈರಿನ ಬದಲು ನೇರ ಟ್ಯೂಬಿನ ಮೆಕ್ಯಾನಿಕಲ್ ಮೀಟರು ಹಾಕಿಸಿಕೊಂಡರೆ ಮುಳ್ಳನ್ನು ನಂಬಬಹುದು. ಎಂಜಿನ್ ಚೆನ್ನಾಗಿ ಕಾದ ಮೇಲೂ ನಿಂತ ಓಟದಲ್ಲಿ ಆಯಿಲ್ ಪ್ರೆಶರು 1 ಬಾರ್ ಮಟ್ಟಕ್ಕಿಂತ ಕೆಳಗಿಳಿಯಬಾರದು.

ಬ್ರೇಕಿನ ವಿಷಯದಲ್ಲಿ ಉದಾಸೀನ ಸಲ್ಲದು. ಡೀಸೆಲ್ ಎಂಜಿನ್ನಿನಲ್ಲಿ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮನ್ನು ಡೈನಮೋ ಬೆನ್ನಿಗಿರುವ ಪಂಪ್ ಕೊಡುತ್ತೆ. ಆ ಪಂಪಿಗೆ ಆಯಿಲ್ ಹೋಗುವ ಪೈಪೂ ಇದೆ, ಸಂಪಿಗೆ ವಾಪಸಾಗುವ ಪೈಪೂ ಇದೆ. ವಾಪಸಿನ ಪೈಪು ಮಡಿಚಿಕೊಂಡರೆ ಆಯಿಲ್ ಡೈನಮೋ ಒಳಗೆ ನುಗ್ಗಿ ಚಾರ್ಜ್ ನಿಲ್ಲುತ್ತೆ, ವ್ಯಾಕ್ಯೂಮ್ ಪೈಪು ಸಡಿಲವಾದರೆ ಪೆಡಲ್ ಕಲ್ಲಾಗುತ್ತೆ. ಪರೀಕ್ಷೆ ಸುಲಭ. ಎಂಜಿನ್ ಆಫ್ ಮಾಡಿ ಪೆಡಲನ್ನು ಐದಾರು ಸಲ ಒತ್ತಿ, ಒತ್ತಿಯೇ ಹಿಡಿದು ಸ್ಟಾರ್ಟ್ ಮಾಡಿ, ಪೆಡಲ್ ತಾನಾಗಿ ಒಂದಿಷ್ಟು ಕೆಳಗಿಳಿಯಬೇಕು. ಇಳಿಯದಿದ್ದರೆ ಗಾಡಿ ತೆಗೆದುಕೊಳ್ಳಬೇಡಿ. ಎಂಜಿನ್ನಿನಿಂದ ಚಾಸಿಸ್ಸಿಗೆ ದಪ್ಪ ಅರ್ತ್ ಪಟ್ಟಿ ಇದೆಯೋ ಇಲ್ಲವೋ ಅದನ್ನೂ ಕಣ್ಣಾರೆ ನೋಡಿ. ಎಂಜಿನ್ ಪೂರ್ತಿ ರಬ್ಬರಿನ ಮೇಲೆ ಕೂತಿರುತ್ತೆ. ಈ ಪಟ್ಟಿ ಮರೆತರೆ ಸೆಲ್ಫಿನ ಕರೆಂಟು ಆಕ್ಸಿಲರೇಟರ್ ಕೇಬಲ್ ಮೂಲಕ ಹರಿದು, ಕೇಬಲ್ ಕಾದು, ಒಳಗಿನ ಪ್ಲಾಸ್ಟಿಕ್ ಕರಗಿ ಆಕ್ಸಿಲರೇಟರ್ ಸಿಕ್ಕಿಹಾಕಿಕೊಳ್ಳುತ್ತೆ. ಘಾಟಿಯ ಇಳಿಜಾರಿನಲ್ಲಿ ಹಾಗಾದರೆ ಏನು ಗತಿ ಅಂತ ಬೇರೆ ಹೇಳಬೇಕಿಲ್ಲ.

ಡೀಸೆಲ್ ಪೈಪುಗಳನ್ನು ಟ್ಯಾಂಕಿನಿಂದಲೇ ಹೊಸದು ಹಾಕಿಸಿ, ಹಳೇದರಲ್ಲಿ ಏರ್ ಹಿಡಿಯುತ್ತೆ. ಟರ್ಬೊದಿಂದ ಆಯಿಲ್ ಇಳಿಯುವ ಪೈಪು ಎಲ್ಲೂ ಮೇಲೇಳದೆ ನೇರ ಇಳಿಜಾರಾಗಿರಲಿ, ಇಲ್ಲದಿದ್ದರೆ ನೀಲಿ ಹೊಗೆ ಬರುತ್ತೆ, ತಪ್ಪು ಟರ್ಬೊದ ಮೇಲೆ ಬೀಳುತ್ತೆ.

ಕಾಗದದ ವಿಷಯ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂನಲ್ಲಿ ಒಪ್ಪಿಗೆಯಿಲ್ಲದ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಆದ್ದರಿಂದ ಎಂಜಿನ್ ತರಿಸುವ ಮೊದಲೇ ಗಾಡಿಯ ಆರ್‌ಟಿಒಗೆ, ಕೆಎ 18 ಆದರೆ ಚಿಕ್ಕಮಗಳೂರಿಗೆ, ಕೆಎ 13 ಆದರೆ ಹಾಸನಕ್ಕೆ, ಕೆಎ 46 ಆದರೆ ಸಕಲೇಶಪುರಕ್ಕೆ ಲಿಖಿತ ಅರ್ಜಿ ಕೊಟ್ಟು ಒಪ್ಪಿಗೆ ಕೇಳಿ. ಒಪ್ಪಿಗೆ ಸಿಗದಿದ್ದರೆ ಡಿಐ ಆಸೆ ಬಿಟ್ಟು ಆರ್‌ಸಿಯಲ್ಲಿರುವ ಮಾದರಿಯ ಎಂಜಿನ್ನನ್ನೇ ಹೊಸ ಲೈನರ್, ಪಿಸ್ಟನ್ ಹಾಕಿ ಕಟ್ಟಿಸುವುದೇ ದಾರಿ. "ಯಾರೂ ಕೇಳಲ್ಲ ಸಾರ್" ಅನ್ನುವ ಮಾತು ಎಫ್‌ಸಿ ದಿನ ಕೈಕೊಡುತ್ತೆ. ಅಪಘಾತವಾದ ದಿನ ಇನ್ಶೂರೆನ್ಸಿನವರು ಎಂಜಿನ್ ನಂಬರು ತಾಳೆ ನೋಡಿದಾಗಲೂ ಅಷ್ಟೇ. ಎಂಜಿನ್ ಕೊಂಡ ಬಿಲ್ಲು, ಮೂಲ ಗಾಡಿಯ ಆರ್‌ಸಿ ನಕಲು ಮತ್ತು ನೋಂದಣಿ ರದ್ದಾದ ದಾಖಲೆ, ಇವಿಲ್ಲದ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಮುಟ್ಟಬೇಡಿ. ನಂಬರ್ ಉಜ್ಜಿದ ಗುರುತು ಕಂಡರಂತೂ ಅಲ್ಲಿಂದಲೇ ವಾಪಸ್ ಬನ್ನಿ.

ಎಸ್ಟಿಮೇಟನ್ನು "ಎಲ್ಲಾ ಸೇರಿ ಇಷ್ಟು" ಅಂತ ಒಪ್ಪಿಕೊಂಡರೆ ಕೊನೆಗೆ ಕೊರತೆ ಬೀಳುವುದು ರೇಡಿಯೇಟರಿಗೆ, ಶಾಫ್ಟಿಗೆ. ಎಂಜಿನ್, ಲೇತ್ ಕೆಲಸ, ಕ್ಲಚ್ ಸೆಟ್, ಶಾಫ್ಟು ಬ್ಯಾಲೆನ್ಸಿಂಗ್, ರೇಡಿಯೇಟರ್, ವೈರಿಂಗ್, ಕೂಲಿ, ಎಲ್ಲ ಬೇರೆ ಬೇರೆ ಬರೆಸಿಕೊಳ್ಳಿ. ಕೆಲಸಕ್ಕೆ ಒಳ್ಳೆಯ ಕಾಲ ಏಪ್ರಿಲ್, ಮೇ. ರೊಬಸ್ಟಾ ಕುಯ್ಲು ಮುಗಿದಿರುತ್ತೆ, ಮಳೆ ಹಿಡಿದಿರುವುದಿಲ್ಲ, ಮೇಸ್ತ್ರಿಗೂ ಪುರುಸೊತ್ತು. ಅರೇಬಿಕಾ ಕುಯ್ಲಿಗೆ ಮುಂಚಿನ ಅಕ್ಟೋಬರಿನಲ್ಲಿ ಗ್ಯಾರೇಜುಗಳು ತುಂಬಿರುತ್ತವೆ, ಆಗ ಕೊಟ್ಟ ಕೆಲಸ ಅವಸರದ್ದೇ ಆಗುತ್ತೆ.

ಗಾಡಿ ಬಿಡಿಸಿಕೊಳ್ಳುವಾಗ ಐ.ಜಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಏನೂ ತಿಳಿಯದು. ಅರ್ಧ ಲೋಡು ಹಾಕಿ ಕೈಮರದಿಂದ ಸೀತಾಳಯ್ಯನಗಿರಿ ಕಡೆಗೆ ಹತ್ತಿಸಿ. ಮೇಲೆ ತಲುಪಿದಾಗ ಟೆಂಪರೇಚರ್ ಮುಳ್ಳು ಎಲ್ಲಿದೆ, ಇಳಿಯುವಾಗ ಗೇರು ಕಳಚುತ್ತಾ, ನಿಲ್ಲಿಸಿದ ಮೇಲೆ ಕೆಳಗೆ ಏನು ತೊಟ್ಟಿಕ್ಕುತ್ತೆ, ಇಷ್ಟು ನೋಡಿದ ಮೇಲೆಯೇ ಕೊನೆಯ ಕಂತು ಕೊಡಿ. ಟರ್ಬೊ ಗಾಡಿಯನ್ನು ಏರು ಹತ್ತಿದ ಕೂಡಲೇ ಆಫ್ ಮಾಡದೆ ಒಂದು ನಿಮಿಷ ನಿಂತ ಓಟದಲ್ಲಿ ಬಿಡುವುದನ್ನು ಡ್ರೈವರಿಗೆ ಅಲ್ಲೇ ರೂಢಿ ಮಾಡಿಸಿ. 500 ಕಿ.ಮೀ. ಆದ ಮೇಲೆ ಆಯಿಲ್, ಫಿಲ್ಟರ್ ಬದಲಿಸಿ, ಫೌಂಡೇಷನ್, ಬೆಲ್ ಹೌಸಿಂಗ್ ಮತ್ತು ಶಾಫ್ಟಿನ ಬೋಲ್ಟುಗಳನ್ನು ಇನ್ನೊಂದು ಸಲ ಟಾರ್ಕ್ ರೆಂಚಿನಲ್ಲಿ ಬಿಗಿಸಿ. 1000 ಕಿ.ಮೀ.ಗೆ ಬ್ರಾಕೆಟ್ಟಿನ ಸುತ್ತ ಚಾಸಿಸ್ಸನ್ನು ಬ್ರಷ್ಷಿನಲ್ಲಿ ತಿಕ್ಕಿ ಟಾರ್ಚ್ ಹಿಡಿದು ನೋಡಿ. ಕೂದಲೆಳೆಯಷ್ಟು ತುಕ್ಕಿನ ಗೆರೆ ಕಂಡರೂ ಅದು ಬಿರುಕು, ಅವತ್ತೇ ಲೋಡು ನಿಲ್ಲಿಸಿ ಗ್ಯಾರೇಜಿಗೆ ತನ್ನಿ.